ಪಿಕಪ್ ವಾಹನದ ವೈರಿಂಗ್, ಫ್ಯೂಸ್ ಮತ್ತು ಟ್ರೈಲರ್ ಬ್ರೇಕ್ ನಿಯಂತ್ರಕ

ಬ್ಯಾಟರಿ ಮತ್ತು ಆಲ್ಟರ್ನೇಟರ್‌ಗಳಿಂದ ಹೊರಟ ವಿದ್ಯುತ್ತನ್ನು ದೀಪ, ಹಾರ್ನ್, ಸ್ಟಾರ್ಟರ್, ವೈಪರ್ ಮುಂತಾದವುಗಳಿಗೆ ಒಯ್ದು, ಚಾಸಿಯ ಕಬ್ಬಿಣದ ಮೂಲಕ ಬ್ಯಾಟರಿಗೆ ಮರಳಿಸುವ ತಂತಿಗಳ ವ್ಯವಸ್ಥೆಯೇ ವಾಹನದ ವೈರಿಂಗ್. ಆ ತಂತಿಗಳಲ್ಲಿ ಮಿತಿಮೀರಿದ ಕರೆಂಟು ಹರಿದಾಗ ತಾನು ಕರಗಿ ದಾರಿಯನ್ನು ಕಡಿಯುವ ಬಿಡಿಭಾಗ ಫ್ಯೂಸ್. ವಾಹನದ ಹಿಂದೆ ಟ್ರೈಲರ್ ಕಟ್ಟಿದಾಗ, ಅದರ ಚಕ್ರಗಳಲ್ಲಿರುವ ವಿದ್ಯುತ್ ಬ್ರೇಕುಗಳಿಗೆ ಯಾವಾಗ, ಎಷ್ಟು ಕರೆಂಟು ಹೋಗಬೇಕೆಂದು ತೀರ್ಮಾನಿಸುವ ಸಣ್ಣ ಪೆಟ್ಟಿಗೆಗೆ ಟ್ರೈಲರ್ ಬ್ರೇಕ್ ನಿಯಂತ್ರಕ ಎಂದು ಹೆಸರು. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಇದು ಟ್ರೈಲರ್ ಎಳೆಯುವ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಉಪಕರಣ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇದು ತೀರ ಅಪರೂಪ. ಆದರೆ ಇದನ್ನು ಜೋಡಿಸಲು ಬೇಕಾದ ತಿಳಿವಳಿಕೆ, ಅಂದರೆ ತಂತಿಯ ದಪ್ಪ, ಫ್ಯೂಸಿನ ಅಳತೆ, ಅರ್ಥ್‌ನ ಗಟ್ಟಿತನ, ಜಯನಗರದಿಂದ ಬಿಟಿಎಂ ಲೇಔಟ್‌ವರೆಗಿನ ಪ್ರತಿಯೊಬ್ಬ ಆಟೋ ಎಲೆಕ್ಟ್ರಿಷಿಯನ್‌ಗೂ ದಿನನಿತ್ಯ ಬೇಕಾದದ್ದು. ಬೊಲೆರೊ ಪಿಕಪ್‌ಗೆ ಹೆಚ್ಚುವರಿ ದೀಪ ಹಾಕುವಾಗಲೂ, ಟಾಟಾ ಏಸ್‌ಗೆ ಹಾರ್ನ್ ಬದಲಿಸುವಾಗಲೂ ಅನ್ವಯಿಸುವ ನಿಯಮಗಳು ಇವೇ.

ಮೂಲ ನಿಯಮ

ಮನೆಯ 230 ವೋಲ್ಟ್‌ಗೆ ಹೆದರುವ ಜನ ವಾಹನದ 12 ವೋಲ್ಟ್‌ಗೆ ಹೆದರುವುದಿಲ್ಲ. ಬ್ಯಾಟರಿಯ ಎರಡೂ ತುದಿಗಳನ್ನು ಒಣಗಿದ ಕೈಯಿಂದ ಮುಟ್ಟಿದರೆ ಏನೂ ತಿಳಿಯುವುದಿಲ್ಲ ಎಂಬುದು ನಿಜ. ವಾಹನದಲ್ಲಿ ಅಪಾಯವಿರುವುದು ಕರೆಂಟಿನಲ್ಲಿ. 60 ವ್ಯಾಟ್‌ನ ಬಲ್ಬು ಮನೆಯಲ್ಲಿ ಕಾಲು ಆಂಪಿಯರ್‌ನಷ್ಟು ಎಳೆದರೆ, 12 ವೋಲ್ಟ್‌ನಲ್ಲಿ ಅದೇ ಬೆಳಕಿಗೆ 5 ಆಂಪಿಯರ್ ಬೇಕು. 55 ವ್ಯಾಟ್‌ನ ಎರಡು ಹ್ಯಾಲೊಜೆನ್ ಹೆಡ್‌ಲೈಟ್‌ಗಳು ಸೇರಿ 9 ಆಂಪಿಯರ್‌ಗೂ ಹೆಚ್ಚು ಎಳೆಯುತ್ತವೆ. ಶಾರ್ಟ್ ಆದಾಗ ಪಿಕಪ್‌ನ ಬ್ಯಾಟರಿ ನೂರಾರು ಆಂಪಿಯರ್ ಸುರಿಸಬಲ್ಲದು. ಆಗ ತೆಳು ತಂತಿ ಕೆಲವೇ ಕ್ಷಣಗಳಲ್ಲಿ ಕೆಂಪಾಗಿ ಕಾಯುತ್ತದೆ, ಮೇಲಿನ ಪ್ಲಾಸ್ಟಿಕ್ ಹೊದಿಕೆ ಕರಗುತ್ತದೆ, ಪಕ್ಕದ ತಂತಿಗಳಿಗೂ ಬೆಂಕಿ ಹತ್ತುತ್ತದೆ.

ಫ್ಯೂಸ್ ಇರುವುದು ತಂತಿಯನ್ನು ಉಳಿಸುವುದಕ್ಕೆ. ಈ ಲೇಖನದಲ್ಲಿ ಒಂದೇ ಒಂದು ವಾಕ್ಯವನ್ನು ನೆನಪಿಡಬೇಕೆಂದರೆ ಇದನ್ನೇ ಇಡಬೇಕು. ಉಪಕರಣ ಎಷ್ಟೇ ದುಬಾರಿಯಾಗಿರಲಿ, ಫ್ಯೂಸನ್ನು ಆರಿಸುವುದು ಅದಕ್ಕೆ ಹೋಗುವ ತಂತಿಯ ದಪ್ಪ ನೋಡಿ. ವಾಹನದ ಕೆಲಸದಲ್ಲಿ 1 ಚದರ ಮಿ.ಮೀ. ತಾಮ್ರದ ತಂತಿಗೆ 10 ಆಂಪಿಯರ್, 1.5ಕ್ಕೆ 15, 2.5ಕ್ಕೆ 20, 4ಕ್ಕೆ 30 ಆಂಪಿಯರ್‌ನ ಫ್ಯೂಸ್ ಎಂಬುದು ಸುರಕ್ಷಿತವಾದ ಲೆಕ್ಕ. ಇದರಿಂದಲೇ ಎರಡನೆಯ ನಿಯಮವೂ ಹುಟ್ಟುತ್ತದೆ: ಫ್ಯೂಸ್ ಇರಬೇಕಾದ ಜಾಗ ಬ್ಯಾಟರಿಯ ಹತ್ತಿರ, ಸಾಧ್ಯವಾದಷ್ಟೂ ಒಂದು ಗೇಣಿನೊಳಗೆ. ಬ್ಯಾಟರಿಯಿಂದ ಫ್ಯೂಸಿನವರೆಗಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ. ಬಾನೆಟ್ ಒಳಗಿನಿಂದ ಡ್ಯಾಶ್‌ಬೋರ್ಡ್‌ವರೆಗೆ ತಂತಿ ಎಳೆದು ಅಲ್ಲಿ ಫ್ಯೂಸ್ ಹಾಕಿದರೆ, ತಗಡಿನ ತೂತಿನಲ್ಲಿ ತಂತಿ ಉಜ್ಜಿ ಶಾರ್ಟ್ ಆದ ದಿನ ಆ ಫ್ಯೂಸ್ ಸುಮ್ಮನೆ ನೋಡುತ್ತಿರುತ್ತದೆ.

ಫ್ಯೂಸಿನ ಮೇಲೆ ಬರೆದ ಅಂಕಿಯನ್ನು ಮುಟ್ಟಿದ ಕೂಡಲೇ ಅದು ಕಡಿದುಹೋಗುವುದೂ ಇಲ್ಲ. ಸ್ವಲ್ಪ ಹೆಚ್ಚಿನ ಕರೆಂಟನ್ನು ಬಹಳ ಹೊತ್ತು ತಡೆಯುತ್ತದೆ. ಎರಡು ಪಟ್ಟು ಹರಿದರೆ ಕೆಲವು ಸೆಕೆಂಡುಗಳಲ್ಲಿ ಹೋಗುತ್ತದೆ. ಆದ್ದರಿಂದ ಸದಾ ಹರಿಯುವ ಕರೆಂಟು ಫ್ಯೂಸಿನ ಅಂಕಿಯ ಮುಕ್ಕಾಲು ಭಾಗವನ್ನು ಮೀರದಂತೆ ನೋಡಿಕೊಳ್ಳುವುದು ರೂಢಿ.

ಆಡುಗೋಡಿಯ ಪರಂಪರೆ

ಫ್ಯೂಸಿನ ಇತಿಹಾಸವನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಎಡಿಸನ್ 1890ರಲ್ಲಿ ಫ್ಯೂಸಿಗೆ ಪೇಟೆಂಟ್ ಪಡೆದ. 1927ರಲ್ಲಿ ಶಿಕಾಗೊದಲ್ಲಿ ಆರಂಭವಾದ ಲಿಟಲ್‌ಫ್ಯೂಸ್ ಕಂಪನಿ 1970ರ ದಶಕದಲ್ಲಿ ತಂದ ಬ್ಲೇಡ್ ಫ್ಯೂಸ್ ಇಂದು ಜಗತ್ತಿನ ಬಹುಪಾಲು ವಾಹನಗಳಲ್ಲಿದೆ. ಅದಕ್ಕೂ ಮುಂಚೆ ಅಂಬಾಸಡರ್ ಕಾಲದ ಗಾಡಿಗಳಲ್ಲಿ ಗಾಜಿನ ಕೊಳವೆಯ ಫ್ಯೂಸುಗಳು, ಅವೂ ಬೆರಳೆಣಿಕೆಯಷ್ಟು, ಇಡೀ ವೈರಿಂಗನ್ನು ಕಾಯುತ್ತಿದ್ದವು. ಬ್ಲೇಡ್ ಫ್ಯೂಸಿನ ದೊಡ್ಡ ಉಪಕಾರ ಅದರ ಬಣ್ಣ: ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30 ಆಂಪಿಯರ್. ಅಕ್ಷರ ಓದಲಾಗದ ಕತ್ತಲೆಯ ಮೂಲೆಯಲ್ಲೂ ಟಾರ್ಚ್ ಬಿಟ್ಟರೆ ಅಳತೆ ತಿಳಿಯುತ್ತದೆ.

ದಕ್ಷಿಣ ಬೆಂಗಳೂರಿಗೆ ವಾಹನದ ವಿದ್ಯುತ್ತಿನೊಂದಿಗೆ ಇರುವ ನಂಟು ಮಾತ್ರ ವಿಸ್ತಾರವಾಗಿ ಹೇಳತಕ್ಕದ್ದು. ಜರ್ಮನಿಯ ಬಾಷ್ ಸಂಸ್ಥೆಯ ಅಂಗವಾಗಿ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ತಯಾರಿಸಿತು. ಅಲ್ಲಿನ ವೃತ್ತಿ ತರಬೇತಿ ಕೇಂದ್ರದಿಂದ ಹೊರಬಂದ ಅಪ್ರೆಂಟಿಸ್‌ಗಳು ಅಳತೆಯನ್ನು ಗೌರವಿಸುವ ಕೆಲಸದ ರೀತಿಯನ್ನು ಕಲಿತರು. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಆದ ಬಿಟಿಎಂ ಬಡಾವಣೆಯ ಎರಡನೆಯ ಹಂತದಲ್ಲಿ ಮೈಕೋ ಲೇಔಟ್ ಎಂಬ ಹೆಸರು ಇಂದಿಗೂ ಉಳಿದಿದೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. 2015ರ ಅಕ್ಟೋಬರ್‌ನಲ್ಲಿ ಜರ್ಮನಿಯ ಚಾನ್ಸಲರ್ ಅಂಗೆಲಾ ಮರ್ಕೆಲ್ ಪ್ರಧಾನಿ ನರೇಂದ್ರ ಮೋದಿಯವರೊಂದಿಗೆ ಆಡುಗೋಡಿಗೆ ಭೇಟಿ ನೀಡಿದ್ದರು. ತಯಾರಿಕೆ ಬಿಡದಿಗೆ ಸರಿದ ಬಳಿಕ ಆಡುಗೋಡಿಯ ಆವರಣ ತಂತ್ರಜ್ಞಾನ ಕೇಂದ್ರವಾಗಿ ಮಾರ್ಪಟ್ಟು 2022ರ ಜೂನ್‌ನಲ್ಲಿ ಉದ್ಘಾಟನೆಗೊಂಡಿತು.

ಈ ಜರ್ಮನ್ ಸಂಪ್ರದಾಯದ ಗುರುತು ಬೀದಿಬದಿಯ ಅಂಗಡಿಯಲ್ಲೂ ಇದೆ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚಾದ ರಿಲೇಯ ಕಾಲುಗಳ ಮೇಲಿನ 30, 85, 86, 87 ಎಂಬ ಅಂಕಿಗಳು ಜರ್ಮನಿಯ ಡಿನ್ 72552 ಮಾನಕದವು. 30 ಬ್ಯಾಟರಿಯಿಂದ ಬರುವ ನೇರ ಸಪ್ಲೈ, 87 ಉಪಕರಣಕ್ಕೆ ಹೋಗುವುದು, 85 ಮತ್ತು 86 ರಿಲೇಯ ಸುರುಳಿಗೆ. ಜರ್ಮನ್ ಭಾಷೆಯ ಒಂದಕ್ಷರವೂ ತಿಳಿಯದ ನಮ್ಮ ಮೆಕ್ಯಾನಿಕ್‌ಗಳು ಈ ನಾಲ್ಕು ಅಂಕಿಗಳನ್ನು ಕಣ್ಣುಮುಚ್ಚಿ ಹೇಳುತ್ತಾರೆ.

ಬ್ರೇಕ್ ನಿಯಂತ್ರಕದ ಕೆಲಸ

ವಿದ್ಯುತ್ ಬ್ರೇಕ್ ಇರುವ ಟ್ರೈಲರ್‌ನ ಪ್ರತಿ ಡ್ರಮ್ಮಿನೊಳಗೆ ಒಂದು ವಿದ್ಯುತ್ಕಾಂತ ಇರುತ್ತದೆ. ಕರೆಂಟು ಬಂದಾಗ ಅದು ತಿರುಗುತ್ತಿರುವ ಡ್ರಮ್ಮಿನ ಮುಖಕ್ಕೆ ಅಂಟಿಕೊಂಡು ತಿರುಗುವ ದಿಕ್ಕಿಗೇ ಎಳೆಯಲ್ಪಡುತ್ತದೆ. ಆ ಎಳೆತ ಒಂದು ಸನ್ನೆಯನ್ನು ತಳ್ಳಿ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಕರೆಂಟು ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಒಂದು ಕಾಂತ ಸುಮಾರು 3 ಆಂಪಿಯರ್ ಎಳೆಯುತ್ತದೆ. ಒಂದು ಆಕ್ಸಲ್‌ನ ಎರಡು ಚಕ್ರಗಳಿಗೆ 6, ಎರಡು ಆಕ್ಸಲ್‌ಗೆ 12, ಮೂರಕ್ಕೆ 18 ಆಂಪಿಯರ್ ಎಂದು ಅಂದಾಜಿಸಬಹುದು.

ನಿಯಂತ್ರಕ ಕುಳಿತಿರುವುದು ಚಾಲಕನ ಕೈಗೆಟಕುವಂತೆ, ಡ್ಯಾಶ್‌ಬೋರ್ಡಿನ ಕೆಳಗೆ. ಹಳೆಯ ಬಗೆಯದು ಪೆಡಲ್ ಒತ್ತಿದ ಮೇಲೆ ನಿಗದಿಯಾದ ವೇಗದಲ್ಲಿ ಕರೆಂಟನ್ನು ಏರಿಸುತ್ತಾ ಹೋಗುತ್ತದೆ. ಮೆಲ್ಲಗೆ ಒತ್ತಿದರೂ, ಬಲವಾಗಿ ಒತ್ತಿದರೂ ಅದಕ್ಕೆ ಒಂದೇ. ಹೊಸ ಬಗೆಯದರೊಳಗೆ ವೇಗ ಇಳಿಯುವ ಪ್ರಮಾಣವನ್ನು ಅಳೆಯುವ ಸಂವೇದಕವಿದ್ದು, ಎಳೆಯುವ ಗಾಡಿ ಎಷ್ಟು ಬಿಗಿಯಾಗಿ ನಿಲ್ಲುತ್ತಿದೆಯೋ ಅಷ್ಟೇ ಬಿಗಿಯಾಗಿ ಟ್ರೈಲರನ್ನೂ ಹಿಡಿಯುತ್ತದೆ. ಎರಡನೆಯದೇ ಮೇಲು. ಎರಡರಲ್ಲೂ ಕೈಯಿಂದ ಒತ್ತುವ ಒಂದು ಸನ್ನೆ, ಅಂದರೆ ಕೈಪಟ್ಟಿ, ಇದ್ದು, ಟ್ರೈಲರ್ ಅತ್ತಿತ್ತ ಓಲಾಡತೊಡಗಿದರೆ ಪೆಡಲ್ ಮುಟ್ಟದೆ ಅದರ ಬ್ರೇಕನ್ನಷ್ಟೇ ಹಾಕಬಹುದು.

ನಿಯಂತ್ರಕದಿಂದ ಹೊರಡುವ ತಂತಿಗಳು ಸಾಮಾನ್ಯವಾಗಿ ನಾಲ್ಕು. ಕಪ್ಪು ತಂತಿ ಬ್ಯಾಟರಿಯ ಪ್ಲಸ್‌ಗೆ, ಬಿಳಿಯದು ಮೈನಸ್‌ಗೆ, ಕೆಂಪು ತಂತಿ ಬ್ರೇಕ್ ಲೈಟಿನ ಸ್ವಿಚ್ಚಿಗೆ, ನೀಲಿ ತಂತಿ ಹಿಂದಿನ ಸಾಕೆಟ್ ಮೂಲಕ ಟ್ರೈಲರ್‌ನ ಕಾಂತಗಳಿಗೆ. ಇಲ್ಲಿ ನಮ್ಮವರು ಎಚ್ಚರದಿಂದಿರಬೇಕು. ವಾಹನದ ಕೆಲಸದಲ್ಲಿ ಕಪ್ಪು ತಂತಿ ಕಂಡರೆ ಅರ್ಥ್ ಎಂದುಕೊಳ್ಳುವುದು ಅಭ್ಯಾಸ. ಈ ಅಮೆರಿಕನ್ ಪೆಟ್ಟಿಗೆಯಲ್ಲಿ ಕಪ್ಪೇ ಪ್ಲಸ್. ಅದಲುಬದಲಾಗಿ ಜೋಡಿಸಿದರೆ ನಿಯಂತ್ರಕ ಸುಟ್ಟುಹೋಗಬಹುದು.

ಕಪ್ಪು ತಂತಿಯನ್ನು ಒಳಗಿನ ಫ್ಯೂಸ್ ಬಾಕ್ಸಿನ ಯಾವುದೋ ಖಾಲಿ ಜಾಗದಿಂದ ತೆಗೆಯದೆ ಬ್ಯಾಟರಿಯಿಂದಲೇ ನೇರವಾಗಿ ಎಳೆಯಬೇಕು. ಎರಡು ಅಥವಾ ನಾಲ್ಕು ಬ್ರೇಕುಗಳಿಗೆ 20 ಆಂಪಿಯರ್, ಆರಕ್ಕೆ 30 ಆಂಪಿಯರ್ ರಕ್ಷಣೆ ರೂಢಿಯಲ್ಲಿದೆ. ಈ ಜಾಗದಲ್ಲಿ ಹಲವರು ಫ್ಯೂಸಿನ ಬದಲು ತಾನಾಗಿ ಮತ್ತೆ ಕೂಡಿಕೊಳ್ಳುವ ಸರ್ಕ್ಯೂಟ್ ಬ್ರೇಕರ್ ಹಾಕುತ್ತಾರೆ. ಕಾರಣ ಯೋಗ್ಯವಾದದ್ದೇ. ರೇಡಿಯೊದ ಫ್ಯೂಸ್ ಹೋದರೆ ಹಾಡು ನಿಲ್ಲುತ್ತದೆ. ಬ್ರೇಕಿನ ಫ್ಯೂಸ್ ಹೋದರೆ ಇಳಿಜಾರಿನಲ್ಲಿ ಟ್ರೈಲರ್ ತಡೆಯಿಲ್ಲದೆ ಗಾಡಿಯನ್ನು ತಳ್ಳುತ್ತದೆ. ಕ್ಷಣಮಾತ್ರದ ಶಾರ್ಟ್‌ಗೆ ಬ್ರೇಕರ್ ಬಿಟ್ಟುಕೊಂಡು, ತಣಿದ ಮೇಲೆ ಮತ್ತೆ ಕೂಡಿಕೊಂಡು ಬ್ರೇಕನ್ನು ಮರಳಿ ಕೊಡುತ್ತದೆ. ದೋಷ ಹಾಗೇ ಉಳಿದಿದ್ದರೆ ಅದು ಬಿಡುತ್ತಾ ಕೂಡುತ್ತಾ ತಂತಿಯನ್ನು ಮತ್ತೆ ಮತ್ತೆ ಕಾಯಿಸುತ್ತದೆ ಎಂಬುದು ಅದರ ಕೊರತೆ. ಹಾಗಾಗಿ ಬ್ರೇಕರ್ ಹಾಕುವವರು ತಂತಿಯನ್ನು ಒಂದು ಅಳತೆ ದಪ್ಪವಾಗಿಯೇ ಆರಿಸಬೇಕು ಎಂಬುದು ಈ ಲೇಖಕರ ನಿಲುವು.

ದಪ್ಪ ತಂತಿ ಬೇಕೆನ್ನಲು ಇನ್ನೊಂದು ಕಾರಣವೂ ಇದೆ. ಬ್ಯಾಟರಿಯಿಂದ ಟ್ರೈಲರ್‌ನ ಸಾಕೆಟ್‌ವರೆಗೆ 7 ಮೀಟರ್ ತಂತಿ, ಅದರಲ್ಲಿ 12 ಆಂಪಿಯರ್ ಎಂದಿಟ್ಟುಕೊಳ್ಳೋಣ. 1 ಚದರ ಮಿ.ಮೀ. ತಾಮ್ರದಲ್ಲಿ ದಾರಿಯಲ್ಲೇ ಸುಮಾರು 1.4 ವೋಲ್ಟ್ ಕಳೆದುಹೋಗುತ್ತದೆ. 2.5ರಲ್ಲಿ 0.6, 4ರಲ್ಲಿ 0.4 ವೋಲ್ಟ್‌ಗಿಂತ ಕಡಿಮೆ. ಮರಳುವ ದಾರಿಯ ನಷ್ಟ ಬೇರೆ. ದೀಪವಾದರೆ ತುಸು ಮಂಕಾಗುತ್ತದೆ ಅಷ್ಟೆ. ಬ್ರೇಕಿಗೆ ಕಡಿಮೆ ವೋಲ್ಟೇಜ್ ಬಂದರೆ ಕಾಂತದ ಹಿಡಿತವೇ ಸಡಿಲ. ಅಮೆರಿಕದವರು ಈ ಕೆಲಸಕ್ಕೆ ಬಳಸುವ 12 ಗೇಜ್ ತಂತಿ ನಮ್ಮ ಲೆಕ್ಕದಲ್ಲಿ 3.3 ಚದರ ಮಿ.ಮೀ. ಆಗುತ್ತದೆ. ಎಸ್.ಪಿ. ರಸ್ತೆಯಲ್ಲೋ ಜೆ.ಸಿ. ರಸ್ತೆಯಲ್ಲೋ ಕೊಳ್ಳುವಾಗ 4 ಚದರ ಮಿ.ಮೀ. ಕೇಳಿದರೆ ಸರಿಹೋಗುತ್ತದೆ.

ಬಿಳಿ ತಂತಿಯೂ ಕಪ್ಪಿನಷ್ಟೇ ದಪ್ಪವಿದ್ದು ಬ್ಯಾಟರಿಯ ಮೈನಸ್‌ವರೆಗೆ ಹೋಗಬೇಕು. ಟ್ರೈಲರ್‌ನ ಅರ್ಥ್ ಕೂಡ ಸಾಕೆಟ್ಟಿನ ಪಿನ್ ಮೂಲಕವೇ ಬರಬೇಕು. ಕೊಂಡಿಯ ಕಬ್ಬಿಣ ಕಬ್ಬಿಣಕ್ಕೆ ತಾಗಿದೆಯಲ್ಲ ಎಂದು ನಂಬುವಂತಿಲ್ಲ. ಅಲ್ಲಿ ಗ್ರೀಸಿದೆ, ತುಕ್ಕಿದೆ, ಗುಂಡಿ ಹಾರಿದಾಗ ಕ್ಷಣಕಾಲ ಬಿಟ್ಟುಹೋಗುವ ಸಂದಿದೆ.

ಕೆಂಪು ತಂತಿಯನ್ನು ಬ್ರೇಕ್ ಸ್ವಿಚ್ಚಿನ ಎರಡು ತುದಿಗಳ ಪೈಕಿ ಪೆಡಲ್ ಒತ್ತಿದಾಗ ಮಾತ್ರ ಸಪ್ಲೈ ಬರುವ ತುದಿಗೆ ಸೇರಿಸಬೇಕು. ಸದಾ ಸಪ್ಲೈ ಇರುವ ತುದಿಗೆ ಕಟ್ಟಿದರೆ ಪೆಡಲ್ ಸದಾ ಒತ್ತಿದಂತೆಯೇ ನಿಯಂತ್ರಕ ವರ್ತಿಸುತ್ತದೆ, ಬ್ರೇಕು ಬಿಸಿಯಾಗಿ ಹೊಗೆಯಾಡುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದು ಪರೀಕ್ಷಿಸಲು ಒಂದು ನಿಮಿಷವೂ ಬೇಡ.

ಇವುಗಳ ಜೊತೆಗೆ ಟ್ರೈಲರ್ ಮೇಲೆಯೇ ಒಂದು ಸಣ್ಣ ಬ್ಯಾಟರಿಯೂ, ಎಳೆದರೆ ಕಳಚುವ ಸ್ವಿಚ್ಚೂ ಇರುತ್ತವೆ. ಟ್ರೈಲರ್ ಗಾಡಿಯಿಂದ ಕಳಚಿಕೊಂಡರೆ ಸ್ವಿಚ್ ಬಿಚ್ಚಿ, ಅದರ ಬ್ಯಾಟರಿಯೇ ಬ್ರೇಕನ್ನು ಹಾಕುತ್ತದೆ. ಆ ಹಿಡಿತ ಕನಿಷ್ಠ 15 ನಿಮಿಷ ಉಳಿಯಬೇಕೆಂದು ಅಮೆರಿಕದ ವಾಣಿಜ್ಯ ವಾಹನಗಳ ನಿಯಮ ಹೇಳುತ್ತದೆ.

ನಮ್ಮ ಬೀದಿಗಳ ಟ್ರೈಲರ್

ಬೇಸಿಗೆ ಬಂತೆಂದರೆ ಜೆ.ಪಿ. ನಗರದ ಹೊರ ಹಂತಗಳಲ್ಲಿ, ಬನಶಂಕರಿಯಲ್ಲಿ, ಬಿಟಿಎಂನಲ್ಲಿ ಟ್ರ್ಯಾಕ್ಟರ್ ಹಿಂದೆ ಕಟ್ಟಿದ ನೀರಿನ ಟ್ಯಾಂಕರ್‌ಗಳು ಬೆಳಗಿನಿಂದ ರಾತ್ರಿಯವರೆಗೆ ಓಡುತ್ತವೆ. ದಕ್ಷಿಣ ಬೆಂಗಳೂರಿನವರು ನಿತ್ಯ ಕಾಣುವ ಟ್ರೈಲರ್ ಇದೇ. ಒಂದು ಲೀಟರ್ ನೀರು ಒಂದು ಕಿಲೊ. 4,000 ಲೀಟರ್ ತುಂಬಿದರೆ ನೀರೇ 4 ಟನ್, ಟ್ಯಾಂಕಿನ ತೂಕ ಬೇರೆ. ಎಳೆಯುವ ಟ್ರ್ಯಾಕ್ಟರ್ ಸುಮಾರು 2 ಟನ್. ಇಂಥ ಬಹುಪಾಲು ಟ್ರೈಲರ್‌ಗಳ ಚಕ್ರಕ್ಕೆ ಚಾಲಕನ ಪೆಡಲ್‌ನಿಂದ ಕೆಲಸ ಮಾಡುವ ಬ್ರೇಕ್ ಕಾಣುವುದಿಲ್ಲ. ಇಡೀ ಹೊರೆಯನ್ನು ಟ್ರ್ಯಾಕ್ಟರ್‌ನ ಹಿಂದಿನ ಎರಡು ಚಕ್ರಗಳೇ ತಡೆಯಬೇಕು. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಹಿಂದುಮುಂದು ತೊಯ್ದಾಡಿ ಇನ್ನಷ್ಟು ತಳ್ಳುತ್ತದೆ. ವೇಗ ಗಂಟೆಗೆ 30 ಕಿ.ಮೀ.ನಿಂದ 40ಕ್ಕೆ ಏರಿದರೆ ತಡೆಯಬೇಕಾದ ಚಲನಶಕ್ತಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚಾಗಿ ಬೆಳೆಯುತ್ತದೆ. ಶಾಲೆಯ ಮಕ್ಕಳು ಅಡ್ಡಾಡುವ ಬೀದಿಗಳಲ್ಲಿ ಈ ಲೆಕ್ಕವನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಅಮೆರಿಕದ ಅನೇಕ ರಾಜ್ಯಗಳು 3,000 ಪೌಂಡ್, ಅಂದರೆ 1,360 ಕಿಲೊ ದಾಟಿದ ಟ್ರೈಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ ಮಾಡಿವೆ. ಯುರೋಪಿನಲ್ಲಿ ಆ ಮಿತಿ 750 ಕಿಲೊ. ಅಲ್ಲಿನ ಹಗುರ ಟ್ರೈಲರ್‌ಗಳಲ್ಲಿ ವಿದ್ಯುತ್ ನಿಯಂತ್ರಕವೂ ಬೇಡ: ಮುಂದಿನ ಗಾಡಿ ನಿಧಾನವಾದಾಗ ಟ್ರೈಲರ್ ತಾನೇ ಮುಂದಕ್ಕೆ ಒತ್ತುವ ಬಲದಿಂದ ಕೊಂಡಿಯೊಳಗಿನ ಸರಳು ಸರಿದು ಬ್ರೇಕ್ ಹಾಕುತ್ತದೆ. ತಂತಿಯಿಲ್ಲದ ಈ ಸರಳ ವಿಧಾನ ನಮ್ಮ ನೀರಿನ ಟ್ಯಾಂಕರ್‌ಗಳಿಗೆ ಹೆಚ್ಚು ಹೊಂದುತ್ತದೆ ಎಂದು ತೋರುತ್ತದೆ. ಲಾರಿಗಳ ದೊಡ್ಡ ಟ್ರೈಲರ್‌ಗಳದ್ದು ಗಾಳಿಯ ಬ್ರೇಕ್. ಅವುಗಳ ವೈರಿಂಗ್ 24 ವೋಲ್ಟ್‌ನದು.

ಟ್ರೈಲರ್ ಎಳೆಯಬಲ್ಲ ದೊಡ್ಡ ಪಿಕಪ್‌ಗಳು ನಮ್ಮಲ್ಲಿ ಇತ್ತೀಚಿನವು. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ 2016ರಲ್ಲಿ ಬಂತು. ಬಿಡದಿಯಲ್ಲಿ ಕಾರ್ಖಾನೆಯಿರುವ ಟೊಯೊಟ ಕಿರ್ಲೋಸ್ಕರ್ 2022ರಲ್ಲಿ ಹೈಲಕ್ಸ್ ತಂದಿತು. ತರಕಾರಿ, ಸಿಮೆಂಟ್, ಮನೆ ಸಾಮಾನು ಹೊರುವ ದುಡಿಮೆಯ ಗಾಡಿಗಳು ಮಾತ್ರ ಬೊಲೆರೊ ಪಿಕಪ್, 2005ರಲ್ಲಿ ಬಂದ ಟಾಟಾ ಏಸ್ ಮತ್ತು ಅವುಗಳ ಬಂಧುಗಳೇ.

ಅಂಗಡಿಯ ಕೆಲಸ

ಬಿಡಿಭಾಗಗಳಿಗೆ ಜೆ.ಸಿ. ರಸ್ತೆ, ಕೂರಿಸುವುದಕ್ಕೆ ತಮ್ಮ ಬಡಾವಣೆಯ ಆಟೋ ಎಲೆಕ್ಟ್ರಿಷಿಯನ್ ಎಂಬುದು ದಕ್ಷಿಣ ಬೆಂಗಳೂರಿನ ವಾಹನ ಮಾಲೀಕರ ಹಳೆಯ ವಾಡಿಕೆ. ಕೈಗುಣವುಳ್ಳ ಎಲೆಕ್ಟ್ರಿಷಿಯನ್ ಕೆಲಸವನ್ನು ನೋಡಿದ ಕೂಡಲೇ ಗುರುತಿಸಬಹುದು. ತಂತಿಯ ತುದಿಗೆ ಲಗ್ ಹಾಕಿ ಒತ್ತಿರುತ್ತಾನೆ. ಜೋಡಣೆಯ ಮೇಲೆ ಸ್ಲೀವ್ ಏರಿಸಿರುತ್ತಾನೆ. ತಗಡಿನ ತೂತಿಗೆ ರಬ್ಬರ್ ಬಳೆ ಕೂರಿಸಿ ತಂತಿ ದಾಟಿಸಿರುತ್ತಾನೆ. ಅರ್ಥ್ ಹಿಡಿಯುವ ಜಾಗದ ಬಣ್ಣ ಕೆರೆದು ಬೋಲ್ಟ್ ಬಿಗಿದಿರುತ್ತಾನೆ.

ಅವಸರದ ಕೆಲಸದ ಲಕ್ಷಣ ಬೇರೆ. ಎರಡು ತಂತಿ ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿದ್ದು ಏಪ್ರಿಲ್‌ನ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಮನೆಯ ವೈರಿಂಗ್‌ನ ತಂತಿಯನ್ನೇ ಎಂಜಿನ್ ಪಕ್ಕ ಎಳೆಯುವುದುಂಟು. ಮನೆಯ ಸಾಮಾನ್ಯ ಪಿವಿಸಿ ತಂತಿಯ ಮಿತಿ 70 ಡಿಗ್ರಿ, ವಾಹನದ ತಂತಿಗಳು 85, 100, 125 ಡಿಗ್ರಿ ತಾಳುವಂತೆ ತಯಾರಾಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ‘ಡೈರೆಕ್ಟ್’ ಕೊಡುವುದು. ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು ಅದರ ಜಾಗಕ್ಕೆ ತಾಮ್ರದ ಎಳೆ ಸುತ್ತುವುದು, ಅಥವಾ 10ರ ಕೆಂಪು ತೆಗೆದು 30ರ ಹಸಿರು ಚುಚ್ಚುವುದು. ಫ್ಯೂಸ್ ಹೋಗುವುದು ಎಲ್ಲೋ ಒಂದು ತಂತಿ ಮೈಗೆ ತಾಗುತ್ತಿದೆ ಎಂಬ ಸೂಚನೆ, ಮನೆಯ ನಾಯಿ ರಾತ್ರಿ ಬೊಗಳಿದಂತೆ. ಅದರ ಬಾಯಿ ಕಟ್ಟಿ ಮಲಗಿದರೆ ಕಳ್ಳ ಹೊರಗೆ ಹೋಗುವುದಿಲ್ಲ. ತಡವಾದರೂ ಸರಿ, ಉಪಕರಣಗಳನ್ನು ಒಂದೊಂದಾಗಿ ಕಳಚಿ, ಫ್ಯೂಸಿನ ಜಾಗದಲ್ಲಿ ಬಲ್ಬು ಕಟ್ಟಿ, ಬಲ್ಬು ಯಾವಾಗ ಆರುತ್ತದೆಂದು ನೋಡುತ್ತಾ ಶಾರ್ಟ್ ಇರುವ ಕವಲನ್ನು ಹುಡುಕುವುದೇ ದಾರಿ.

ಜಯನಗರ, ಬನಶಂಕರಿಯ ಮರಗಳ ನೆರಳಿನಲ್ಲಿ ರಾತ್ರಿಯಿಡೀ ನಿಲ್ಲುವ ಗಾಡಿಗಳಿಗೆ ಇನ್ನೊಂದು ಕಾಟವಿದೆ: ಇಲಿ. ಬಿಸಿ ಆರದ ಎಂಜಿನ್ ಕೋಣೆಗೆ ನುಗ್ಗಿ ತಂತಿಯ ಹೊದಿಕೆ ಕಡಿಯುತ್ತದೆ. ಬರಿದಾದ ತಾಮ್ರಕ್ಕೆ ಮಳೆಗಾಲದ ನೀರು ತಗುಲಿ ಹಸಿರು ಕಿಲುಬು ಹಿಡಿಯುತ್ತದೆ. ಸುರುಳಿ ಪೈಪಿನೊಳಗೆ ತಂತಿ ದಾಟಿಸುವುದು, ಬಾನೆಟ್ ಒಳಗನ್ನು ಸ್ವಚ್ಛವಾಗಿಡುವುದು, ದಿನಗಟ್ಟಲೆ ನಿಲ್ಲಿಸದೆ ಗಾಡಿ ಓಡಿಸುವುದು ಸ್ವಲ್ಪ ಮಟ್ಟಿಗೆ ಪರಿಹಾರ. ಹೊರಗೆ ತೆರೆದಿರುವ ಟ್ರೈಲರ್ ಸಾಕೆಟ್‌ಗೂ ಮಳೆಯೇ ಮೊದಲ ಶತ್ರು. ಮುಚ್ಚಳವಿರುವ ಸಾಕೆಟ್ ಕೊಳ್ಳಬೇಕು, ಪಿನ್ನುಗಳಿಗೆ ವಿದ್ಯುತ್ ಸಂಪರ್ಕಗಳಿಗೆಂದೇ ಬರುವ ಗ್ರೀಸ್ ಸವರಬೇಕು.

ಹೊಸ ವಾಹನಗಳು, ಕಾನೂನು

ಬಾಷ್ 1983ರಲ್ಲಿ ಆರಂಭಿಸಿ 1986ರಲ್ಲಿ ಪ್ರಕಟಿಸಿದ ಕ್ಯಾನ್ ಬಸ್ ಎಂಬ ಸಂವಹನ ಪದ್ಧತಿ ವೈರಿಂಗ್‌ನ ಸ್ವರೂಪವನ್ನೇ ಬದಲಿಸಿತು. ಈಗಿನ ಗಾಡಿಗಳಲ್ಲಿ ಬ್ರೇಕ್ ಪೆಡಲ್‌ನ ಸುದ್ದಿ ಒಂದು ಜೋಡಿ ತೆಳು ತಂತಿಗಳಲ್ಲಿ ಸಂದೇಶವಾಗಿ ಹರಿಯುತ್ತದೆ. ದೀಪಕ್ಕೆ ಕರೆಂಟು ಕೊಡುವುದು ಒಂದು ಗಣಕ. ಹಳೆಯ ರೀತಿಯಲ್ಲಿ ಬ್ರೇಕ್ ಲೈಟಿನ ತಂತಿ ಸುಲಿದು ಕವಲು ತೆಗೆದರೆ ಆ ಗಣಕ ದೋಷವೆಂದು ದೀಪ ಬೆಳಗಿಸಬಹುದು. ಕಂಪನಿಯೇ ಕೊಟ್ಟ ಟ್ರೈಲರ್ ಕನೆಕ್ಟರ್ ಇದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ ತೀರ ಕಡಿಮೆ ಕರೆಂಟು ಎಳೆಯುವ ರಿಲೇ ಅಥವಾ ಪರಿವರ್ತಕದ ಮೂಲಕ ಸೂಚನೆಯನ್ನಷ್ಟೇ ಪಡೆಯಬೇಕು.

ವೋಲ್ಟೇಜ್ ಏರಿಸಿದರೆ ಕರೆಂಟು ಇಳಿಯುತ್ತದೆ ಎಂಬ ಹಾದಿಯನ್ನು ಬೊಮ್ಮಸಂದ್ರದ ರೇವಾ ವಿದ್ಯುತ್ ಕಾರು 2001ರಲ್ಲೇ ಹಿಡಿದಿತ್ತು: 6 ವೋಲ್ಟ್‌ನ 8 ಬ್ಯಾಟರಿ ಸೇರಿ 48 ವೋಲ್ಟ್. ಇಂದಿನ ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಅದು ನೂರಾರು ವೋಲ್ಟ್. ಅವುಗಳಿಗೆ ತರಬೇತಿಯಿಲ್ಲದವರು ಕೈಹಾಕಲೇಬಾರದು.

ಮೋಟಾರು ವಾಹನ ಕಾಯಿದೆ, 1988ರ 52ನೆಯ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಟ್ರೈಲರ್‌ಗೆ ಪ್ರತ್ಯೇಕ ನೋಂದಣಿಯೂ ಬೇಕು. ಕೆಎ-05 ಸರಣಿಯ ಗಾಡಿಯಿರುವವರು ಕೊಂಡಿ ಬೆಸುಗೆ ಹಾಕಿಸುವ ಮುನ್ನ ಜಯನಗರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ವಾರಂಟಿ ಮತ್ತು ವಿಮೆಯ ಷರತ್ತುಗಳನ್ನೂ ಓದಿಕೊಳ್ಳಬೇಕು.

ಪರೀಕ್ಷೆ

ಜೋಡಣೆ ಮುಗಿದ ಮೇಲೆ ನೀಲಿ ತಂತಿಯ ದಾರಿಯಲ್ಲಿ ಆಮೀಟರ್ ಇಟ್ಟು ಕೈಪಟ್ಟಿಯನ್ನು ಪೂರ್ತಿ ಒತ್ತಬೇಕು. ನಾಲ್ಕು ಬ್ರೇಕುಗಳ ಟ್ರೈಲರ್‌ನಲ್ಲಿ 12 ಆಂಪಿಯರ್‌ನ ಆಸುಪಾಸು ತೋರಿಸಿದರೆ ಎಲ್ಲ ಕಾಂತಗಳೂ ಕೆಲಸ ಮಾಡುತ್ತಿವೆ. 9 ತೋರಿಸಿದರೆ ಒಂದು ಚಕ್ರಕ್ಕೆ ಕರೆಂಟು ಮುಟ್ಟಿಲ್ಲ. ಬಹಳ ಹೆಚ್ಚು ತೋರಿಸಿದರೆ ಎಲ್ಲೋ ಶಾರ್ಟ್ ಇದೆ. ಇದಾದ ಮೇಲೆ ಬ್ಯಾಟರಿಯ ಬಳಿ ಮತ್ತು ಕಾಂತದ ಬಳಿ ವೋಲ್ಟೇಜ್ ಅಳೆದು ವ್ಯತ್ಯಾಸ ನೋಡಬೇಕು. ರಸ್ತೆಯ ಪರೀಕ್ಷೆಯನ್ನು ಖಾಲಿಯಿರುವ ಸಮತಟ್ಟು ಜಾಗದಲ್ಲಿ, ಗಂಟೆಗೆ 30ರಿಂದ 40 ಕಿ.ಮೀ. ವೇಗದಲ್ಲಿ ಮಾಡಬೇಕು. ಕೈಪಟ್ಟಿ ಒತ್ತಿದಾಗ ಟ್ರೈಲರ್‌ನ ಚಕ್ರ ಕಚ್ಚಿ ಜಾರಿದರೆ ನಿಯಂತ್ರಕದ ಗುಂಡಿಯನ್ನು ತುಸು ಇಳಿಸಬೇಕು. ಗಾಡಿಯನ್ನು ತಳ್ಳಿದಂತೆನಿಸಿದರೆ ಏರಿಸಬೇಕು. ಹೊರೆ ಬದಲಾದ ಪ್ರತಿಸಲವೂ ಈ ಹೊಂದಾಣಿಕೆಯನ್ನು ಮತ್ತೆ ಮಾಡಬೇಕಾಗುತ್ತದೆ.